ತಲೆಯೊಳಗಿನ ನೀರು

ಡಿಸೆಂಬರ್ 9, 2013, ಸೋಮವಾರ. ಯಾದಗಿರಿ

ಸ್ಕ್ಯಾನಿನ ಫಿಲ್ಮು ನನ್ನ ಕೈಯಲ್ಲೇ ಇದೆ, ಓದಲು ಬರುತ್ತಿಲ್ಲ. ಕಿಟಕಿಯ ಬೆಳಕಿಗೆ ಹಿಡಿದರೆ ಭೀಮಿಯ ತಲೆ ಹೆಚ್ಚಿದ ಉಳ್ಳಾಗಡ್ಡಿಯ ಹಾಗೆ ಬಿಲ್ಲೆಬಿಲ್ಲೆಯಾಗಿ ಸಾಲು ನಿಂತಿದೆ. ಒಂದು ಬಿಲ್ಲೆಯಲ್ಲಿ ಕಣ್ಣುಗುಡ್ಡೆಗಳು ಕಾಣುತ್ತವೆ. ಅದನ್ನು ನೋಡಿದಾಗ ಮಾತ್ರ ಇದು ನನ್ನ ಮಗಳ ತಲೆ ಅನ್ನಿಸಿತು, ಉಳಿದವು ಯಾರವಾದರೂ ಆಗಬಹುದು. ನಡುವಿನ ಬಿಲ್ಲೆಗಳಲ್ಲಿ ರೆಕ್ಕೆ ಬಿಚ್ಚಿದ ಬಾವಲಿಯಂಥ ಒಂದು ಕಪ್ಪು. ಅದು ಅಷ್ಟು ದೊಡ್ಡದಿರಬಾರದಂತೆ.

ದೀಪಾವಳಿ ಮುಗಿದ ಮೇಲೆ ಶುರುವಾದ ಜ್ವರ. ಶಹಾಪುರದಲ್ಲಿ ತೋರಿಸಿ ಔಷಧ ಕುಡಿಸಿದಾಗ ಇಳಿಯಿತು, ಮತ್ತೆ ಏರಿತು. ಆಟ ಬಿಟ್ಟಳು. ಎತ್ತಿಕೊಂಡರೂ ಅತ್ತಳು, ಇಳಿಸಿದರೂ ಅತ್ತಳು. ಉಂಡಿದ್ದನ್ನು ಕಕ್ಕಿದಳು. ಮೂರು ವರ್ಷದ ಮಕ್ಕಳೆಲ್ಲ ಹೀಗೇ ಎಂದುಕೊಂಡೆ. ಶುಕ್ರವಾರ ಒಂದು ಕಣ್ಣು ಮೂಗಿನ ಕಡೆ ತಿರುಗಿ ಅಲ್ಲೇ ನಿಂತುಬಿಟ್ಟಿತು, ಕೈಕಾಲು ಸೆಟೆದವು. ವನದುರ್ಗದಿಂದ ಪಕ್ಕದ ಮನೆಯವರ ಜೀಪಿನಲ್ಲಿ ಇಲ್ಲಿಗೆ ಬಂದೆವು, ನಾನು, ಅತ್ತೆ, ನಮ್ಮಿಬ್ಬರ ತೊಡೆಯ ಮೇಲೆ ಅವಳು. ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದರು. ಇಂದು ತಲೆಯ ಸ್ಕ್ಯಾನ್ ಆಯಿತು.

ಡಾಕ್ಟರ್ ಸಂಗಣ್ಣನವರು ಪೆನ್ನಿನ ತುದಿಯಿಂದ ಕಪ್ಪು ಬಾವಲಿಯನ್ನು ತೋರಿಸಿದರು.

"ಟಿಬಿ ಮಿದುಳಿನ ಬುಡಕ್ಕ ಹೋಗಿ ಕುಂತದ ತಂಗಿ. ಇಲ್ಲಿ ಬೆಳ್ಳಗ ಹೊಳ್ಯಾಕತ್ತದಲ್ಲ, ಅದು ಬಾವು. ನೀರು ಹೊರಗ ಹೋಗೋ ದಾರಿ ಕಟ್ಟಿಕೊಂಡದ. ಅದಕ್ಕ ಒಳಗ ನೀರು ತುಂಬಿ ಮಿದುಳಿನ ಈ ಕೋಣಿಗೋಳು ಅಗಲ ಆಗ್ಯಾವ."

"ಗುಣ ಆಗ್ತಾಳ್ರಿ?"

"ಗುಳಿಗಿ ಚಾಲು ಮಾಡೀವಿ. ನೀರು ಇಳಿಸೋ ಔಷಧಾನೂ ಕೊಡ್ತೀವಿ. ಇಳೀಲಿಲ್ಲಂದ್ರ ಗುಲ್ಬರ್ಗಾಕ್ಕ ಹೋಗಿ ತಲಿಯಿಂದ ಹೊಟ್ಟಿಗಿ ನಳಿಗಿ ಹಾಕಿಸಬೇಕಾಗ್ತದ. ನೋಡೂಣು."

ಎಲ್ಲದಕ್ಕೂ ಹೂಂ ಎಂದೆ. ಹೊರಗೆ ಬಂದ ಮೇಲೆ ಅತ್ತೆ ಫಿಲ್ಮಿನ ಲಕೋಟೆಯನ್ನು ಮುಟ್ಟಿ ನೋಡಿ, "ಕಲತಾಕಿ ಇದ್ದಿ, ಹೇಳ್ಬೇ, ಏನದ ಅದರಾಗ?" ಎಂದರು. ಸುರಪುರದ ಕಾಲೇಜಿನಲ್ಲಿ ನಾನು ಓದಿದ್ದು ಸಮಾಜಶಾಸ್ತ್ರ.

"ನೀರು" ಎಂದೆ.

ಡಿಸೆಂಬರ್ 11, ಬುಧವಾರ

ಮೂಗಿನಿಂದ ಹೊಟ್ಟೆಗೆ ಸಣ್ಣ ನಳಿಗೆ ಹಾಕಿದ್ದಾರೆ. ಹಾಲು, ಗಂಜಿ, ನೀರು, ಪುಡಿ ಮಾಡಿದ ಗುಳಿಗೆ ಎಲ್ಲವೂ ಅದರಲ್ಲೇ. ಆಮೀನಾ ಸಿಸ್ಟರು ಸಿರಿಂಜು ಹಿಡಿಯುವುದನ್ನು ಕಲಿಸಿದರು. "ದಬಾಸಬ್ಯಾಡ ಅಕ್ಕಾ, ಮ್ಯಾಲ ಎತ್ತಿ ಹಿಡಿ, ಅದು ತಾನೇ ಇಳೀತದ." ಮೊದಲ ಹಾಲು ದಿಂಬಿನ ಪಾಲಾಯಿತು. ಅವರು ನಕ್ಕು, "ದಿಂಬು ದಪ್ಪಾಗ್ತದ ನೋಡು ಇನ್ನ" ಎಂದರು.

ಭೀಮಿ ಕಣ್ಣು ತೆರೆಯುತ್ತಾಳೆ, ನೋಡುತ್ತಾಳೋ ಇಲ್ಲವೋ ತಿಳಿಯದು. ಅತ್ತೆ ಕಿವಿಯ ಹತ್ತಿರ ಬಾಗಿ "ಯವ್ವಾ, ನಾ ಕರೆಮ್ಮ ಬಂದೀನಿ ನೋಡು" ಎನ್ನುತ್ತಾರೆ. ಭೀಮಮ್ಮ ಎಂದು ಹೆಸರಿಟ್ಟಿದ್ದು ಅತ್ತೆಯ ತಾಯಿಯ ನೆನಪಿಗೆ. ಅಂದಿನಿಂದ ಅತ್ತೆ ಅವಳನ್ನು ಹೆಸರು ಹಿಡಿದು ಕರೆದಿಲ್ಲ, ಬೈದಿಲ್ಲ. ಹಡೆದ ತಾಯಿಗೆ ಯಾರಾದರೂ ಬೈಯುತ್ತಾರೆಯೇ ಎನ್ನುತ್ತಾರೆ. ಬೈಯುವ ಕೆಲಸ ಮನೆಯಲ್ಲಿ ನನ್ನೊಬ್ಬಳದೇ.

ಟಿಬಿ ಯಾರಿಂದ ಬಂತೆಂದು ನೋಡಲು ನನ್ನ, ಅತ್ತೆಯ ಎದೆಯ ಫೋಟೋ ತೆಗೆದರು, ಇವರದನ್ನು, ಭೀಮಿಯ ಅಪ್ಪನದನ್ನು, ಶಹಾಪುರದಲ್ಲಿ ತೆಗೆಸಿದರು. ಮೂವರದೂ ಸ್ವಚ್ಛ. ಹಾಗಾದರೆ ಇದು ಎಲ್ಲಿಂದ ಬಂತು? ಸ್ವಚ್ಛ ಎಂದು ಕೇಳಿ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಸಂತೆಯಲ್ಲಿ ಅವಳ ಕೆನ್ನೆ ಹಿಂಡಿದವರನ್ನೆಲ್ಲ ನೆನಪು ಮಾಡಿಕೊಳ್ಳುತ್ತ ಕುಳಿತೆ.

ಡಿಸೆಂಬರ್ 13, ಶುಕ್ರವಾರ

ಮಧ್ಯಾಹ್ನ ಇವರು ಫೋನು ಮಾಡಿದ್ದರು. ಕಾಲುವೆ ಇಲಾಖೆಯಲ್ಲಿ ದಿನಗೂಲಿ, ತೂಬು ತೆರೆಯುವ, ಮುಚ್ಚುವ ಕೆಲಸ. ಈಗ ನೀರು ಚಾಲು ಇರುವ ಪಾಳಿ. ಗೇಟು ಬಿಟ್ಟು ಒಂದು ತಾಸು ಕದಲಿದರೆ ಮೇಲಿನ ಹೊಲದವರು ಕಲ್ಲು ಇಟ್ಟು ನೀರು ತಿರುವಿಕೊಳ್ಳುತ್ತಾರೆ, ಕೆಳಗಿನ ಹೊಲದವರು ಮನೆಗೆ ಬಂದು ಬೈಯುತ್ತಾರೆ. ಕಾಲುವೆ ಬಂದ್ ಆಗುವ ತನಕ ಬರಲಾಗದು.

"ಏನಂತಾರ ಡಾಕ್ಟರ್ರು?"

"ನೀರು ಹೋಗೋ ದಾರಿ ಕಟ್ಟಿಕೊಂಡದಂತರಿ. ಹಿಂದ ನಿಂತು ಒತ್ತಾಕತ್ತದಂತ."

ಕಾಲುವೆಯ ಸದ್ದಿನ ಮೇಲೆ ಅವರು ದನಿ ಏರಿಸಿದರು.

"ಹೂಳು ಕುಂತದಂದ್ರ ಮದಲು ಮ್ಯಾಲಿಂದ ಬಂದ್ ಮಾಡಬೇಕಲಾ. ನೀರು ಚಾಲು ಇಟ್ಟು ಹೂಳು ತಗೀತೀನಂದ್ರ ಏರಿ ಒಡೀತದ. ನೀ ಎಷ್ಟು ನೀರು ಹಾಕಾಕತ್ತೀದಿ ಆಕಿಗಿ?"

"ಸಿಸ್ಟರ್ ಹೇಳಿದಷ್ಟು."

"ಸಿಸ್ಟರಿಗಿ ಅಳತಿ ಹೇಳ್ಯಾರ, ಹಾಕ್ತಾಳ. ನೋಡು, ನಾ ಹೇಳೋದು ಹೇಳೀನಿ."

ಫೋನು ಇಟ್ಟ ಮೇಲೆ ಬಹಳ ಯೋಚಿಸಿದೆ. ಇದು ಸುಳ್ಳೆಂದು ಹೇಗೆ ಹೇಳಲಿ? ಡಾಕ್ಟರೇ ನೀರು ಇಳಿಸುವ ಔಷಧ ಕೊಡುತ್ತಿದ್ದಾರೆ. ಒಂದು ಕಡೆ ಇಳಿಸುವುದು, ಇನ್ನೊಂದು ಕಡೆ ನಾನೇ ಸಿರಿಂಜಿನಲ್ಲಿ ತುಂಬುವುದು. ಡಾಕ್ಟರನ್ನು ಕೇಳಬಹುದಿತ್ತು. ಬೆಳಿಗ್ಗೆ ಬಂದಾಗ ಅವರ ಸುತ್ತ ನಾಲ್ಕಾರು ಜನ ನರ್ಸಿಂಗ್ ಕಲಿಯುವ ಹುಡುಗಿಯರು ನಿಂತಿದ್ದರು. ಅವರ ಎದುರು ಇಷ್ಟು ಸಣ್ಣದನ್ನು ಕೇಳಲು ನಾಚಿಕೆಯಾಯಿತು. ಗುಲ್ಬರ್ಗಾದಲ್ಲಿ ಆ ನಳಿಗೆ ಹಾಕಲು ತಲೆಗೆ ತೂತು ಕೊರೆಯುತ್ತಾರಂತೆ. ನೀರು ತಾನಾಗಿ ಇಳಿದರೆ ಅದು ತಪ್ಪುತ್ತದೆ.

ಸಂಜೆಯ ಪಾಳಿಯ ನೀರು ಅರ್ಧ ಹಾಕಿದೆ.

ಡಿಸೆಂಬರ್ 15, ಭಾನುವಾರ

ಹಾಲು ಕೊಡುತ್ತಿದ್ದೇನೆ, ಗಟ್ಟಿಯಾಗಿ. ನೀರಂತೂ ಗುಳಿಗೆ ಇಳಿಯುವಷ್ಟೇ. ಆಮೀನಾ ಸಿಸ್ಟರು "ಹಾಕಿದ್ಯಾ ಅಕ್ಕಾ?" ಎಂದರೆ ಹಾಕಿದೆ ಎನ್ನುತ್ತೇನೆ. ಹಾಕಿದ್ದೇನೆ, ಸುಳ್ಳಲ್ಲ.

ಅತ್ತೆಗೆ ಗೊತ್ತಾಯಿತು.

"ಕೂಸು ತುಟಿ ಚಪ್ಪರಸಾಕತ್ತದ. ನೀರು ಹಾಕ್ಬೇ."

"ಅತ್ತಿ, ತಲ್ಯಾಗ ನೀರು ತುಂಬ್ಯಾದ. ಮತ್ತ ಎಲ್ಲಿಗಿ ಹಾಕಲಿ?"

"ತಲ್ಯಾಗ ತುಂಬಿದ್ರ ಬಾಯಿ ಯಾಕ ಒಣಗ್ಯಾದ?"

"ನಿಮ್ಮ ಮಗನ್ನ ಕೇಳ್ರಿ" ಎಂದು ಫೋನು ಹಚ್ಚಿ ಕೊಟ್ಟೆ. ತಾಯಿ ಮಗ ಏನು ಮಾತಾಡಿದರೋ, ಮರಳಿ ಬಂದು ಫೋನು ಕೊಟ್ಟು, "ಹುಲಗಪ್ಪಗ ನೀರಿನ ಕೆಲಸ ಗೊತ್ತದ" ಎಂದು ಗೋಡೆಯ ಕಡೆ ಮುಖ ಮಾಡಿ ಕುಳಿತರು. ಆಮೇಲೆ ಸೆರಗಿನ ತುದಿ ಒದ್ದೆ ಮಾಡಿ ಭೀಮಿಯ ತುಟಿ ಒರೆಸಿದರು. ನಾನು ಬೇಡ ಎನ್ನಲಿಲ್ಲ.

ಇಂದು ಅವಳು ಹೆಚ್ಚು ಮಲಗಿದಳು. ಒಳ್ಳೆಯದೇ ಇರಬೇಕು. ತಲೆಯ ಭಾರ ಇಳಿದರೆ ನಿದ್ದೆ ಬರುತ್ತದಲ್ಲವೇ? ಫಿಲ್ಮನ್ನು ಮತ್ತೆ ಕಿಟಕಿಗೆ ಹಿಡಿದೆ. ಅದು ಸೋಮವಾರದ ತಲೆ. ಇಂದಿನದು ಹೇಗಿದೆಯೋ.

ಡಿಸೆಂಬರ್ 17, ಮಂಗಳವಾರ

ಬರೆಯಲು ಮನಸ್ಸಿಲ್ಲ.

ಬೆಳಿಗ್ಗೆ ಡಾಕ್ಟರು ಅವಳ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರು. ಅದು ಹಾಗೇ ನಿಂತಿತು. ನಾಲಿಗೆ ನೋಡಿದರು. ಉಚ್ಚೆ ಎಷ್ಟು ಹೊತ್ತಿಗೆ ಮಾಡಿದಳು ಎಂದರು. ನನಗೆ ನೆನಪಾಗಲಿಲ್ಲ.

"ನೀರು ಎಷ್ಟು ಹಾಕಾಕತ್ತೀರಿ?"

ನಾನು ಬಾಯಿ ತೆರೆದೆ. ಏನು ಹೇಳಬೇಕೆಂದು ತೆರೆದೆನೋ ಈಗಲೂ ಗೊತ್ತಿಲ್ಲ.

"ನಾ ಬಂದ್ ಮಾಡಿಸೀನ್ರಿ ಸಾಹೇಬ್ರ" ಎಂದರು ಅತ್ತೆ. "ತಲ್ಯಾಗ ನೀರು ತುಂಬ್ಯಾದ ಅಂದ್ರಲ್ರಿ. ಹಳ್ಳಿ ಮುದುಕಿ, ತಿಳೀಲಿಲ್ಲ."

ಡಾಕ್ಟರು ತಲೆಗೆ ಕೈ ಹಚ್ಚಿಕೊಂಡರು. "ಆಯಿ, ಅದು ಬ್ಯಾರೆ ನೀರು. ಮಿದುಳು ತಾನೇ ಮಾಡಿಕೊಳ್ಳೋ ನೀರು. ನೀವು ಕುಡಿಸೋದು ಬಿಟ್ರ ಅದು ಇಳಿಯಂಗಿಲ್ಲ, ಮೈಯಾಗಿನ ರಕ್ತ ದಪ್ಪಾಗ್ತದ. ಮದಲೇ ರಕ್ತದ ನಾಳ ಬಾವಿನಾಗ ಸಿಕ್ಕಾವ." ಆಮೇಲೆ ನನ್ನ ಕಡೆ ತಿರುಗಿ, "ನೀವು ಓದಿದಾಕಿ ಇದ್ದೀರಿ. ನೀವರೆ ನೋಡಬಾರದಾ?" ಎಂದರು.

ನಾನು ಸಿರಿಂಜನ್ನು ತೊಳೆಯತೊಡಗಿದೆ.

ಸಲೈನು ಹಚ್ಚಿದ್ದಾರೆ. ಆಮೀನಾ ಸಿಸ್ಟರು ಈಗ ತಾವೇ ಬಂದು ಸಿರಿಂಜು ಹಿಡಿಯುತ್ತಾರೆ. ನನ್ನ ಮುಖ ನೋಡುವುದಿಲ್ಲ, ಅಥವಾ ನಾನು ಅವರದು ನೋಡುತ್ತಿಲ್ಲ.

ಡಿಸೆಂಬರ್ 18, ಬುಧವಾರ

"ಯಾಕ ಹಂಗಂದ್ರಿ ಅತ್ತಿ?" ಎಂದು ಕೇಳಿದೆ. ನಲ್ಲಿಯ ಹತ್ತಿರ ಬಟ್ಟೆ ಹಿಂಡುತ್ತಿದ್ದರು.

"ನನಗ ಬೈದ್ರ ಏನ್ ಹೋಗ್ತದ? ಬೈದು ಮರೀತಾರ. ನಿನಗ ಬೈದ್ರ ನಾಳಿಂದ ಔಷಧ ಹಾಕೋದು ಯಾರಿಗಿ ಹೇಳ್ತಾರ? ನನಗೇನು ಅಳತಿ ಓದಾಕ ಬರ್ತದೇನು?" ಒದ್ದೆ ಲಂಗವನ್ನು ಝಾಡಿಸಿ ನನ್ನ ಕೈಗೆ ಹಾಕಿದರು. "ಹಿಡಿ ಆ ಕಡಿ. ನಿಂತು ನೋಡಾಕತ್ತಾಳ."

ಡಿಸೆಂಬರ್ 20, ಶುಕ್ರವಾರ

ಬಲಗೈ ಎತ್ತುತ್ತಿಲ್ಲ. ನಿನ್ನೆ ಸಂಜೆ ನಾನೇ ಕಂಡೆ. ಎಡಗೈಯಿಂದ ಮೂಗಿನ ನಳಿಗೆ ಕೀಳಲು ಹೋದಳು, ಬಲಗೈ ಹಾಸಿಗೆಯ ಮೇಲೆ ಯಾರದೋ ಕೈಯ ಹಾಗೆ ಬಿದ್ದಿತ್ತು.

ಮತ್ತೆ ಸ್ಕ್ಯಾನ್ ಮಾಡಿದರು. ಹೊಸ ಫಿಲ್ಮಿನಲ್ಲಿ ಬಾವಲಿ ಇದ್ದಷ್ಟೇ ಇದೆ, ಬೆಳೆದಿಲ್ಲವಂತೆ. ಆದರೆ ಅದರ ಪಕ್ಕ, ಬೂದು ಬಣ್ಣದ ನಡುವೆ, ಚಹಾ ಚೆಲ್ಲಿ ಒರೆಸಿದಂಥ ಒಂದು ಮಬ್ಬು. ರಕ್ತ ಹೋಗದೆ ಅಷ್ಟು ಜಾಗ ಸತ್ತಿದೆ ಎಂದರು. ನನಗೆ ಅದು ಫಿಲ್ಮಿನ ಬಲಗಡೆ ಕಾಣುತ್ತಿತ್ತು. ಫಿಲ್ಮಿನ ಬಲ ಎಂದರೆ ಮಗುವಿನ ಎಡವಂತೆ. ಎಡ ಮಿದುಳು ಕೆಟ್ಟರೆ ಬೀಳುವುದು ಬಲಗೈಯಂತೆ. ತಿರುಗಿಸಿ ತಿರುಗಿಸಿ ಲೆಕ್ಕ ಹಾಕಿದೆ. ಕೊನೆಗೆ ನನ್ನ ಎಡಗೈ ಯಾವುದೆಂದು ಬಳೆ ನೋಡಿ ತಿಳಿದುಕೊಂಡೆ.

ಅತ್ತೆ ಕೆಳಗೆ ಹೋಗಿದ್ದಾಗ ಡಾಕ್ಟರ ಕೋಣೆಗೆ ಒಬ್ಬಳೇ ಹೋದೆ.

"ನೀರು ಬಂದ್ ಮಾಡಿದಾಕಿ ನಾನ್ರಿ. ಅತ್ತಿ ಅಲ್ಲ. ಇದು ಅದರಿಂದ ಆಗ್ಯಾದೇನ್ರಿ?"

ಅವರು ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಗಿಸಿ ಬಹಳ ಹೊತ್ತು ನೋಡಿದರು. "ಈ ಬ್ಯಾನಿಯೊಳಗ ಇದು ಹಂಗೂ ಆಗ್ತದ ತಂಗಿ. ಎಲ್ಲಾ ಸರಿ ಮಾಡಿದ ಕೂಸುಗಳಿಗೂ ಆಗ್ಯಾದ. ನೀರು ಕಡಿಮಿ ಆದ್ರ ಆಗೋದು ಜಾಸ್ತಿ, ಅದೂ ಖರೇ."

"ಹಂಗಾದ್ರ ಇದು ಯಾವುದ್ರಿ?"

"ಎಲ್ಲಿ ಆಗ್ಯಾದ ಅನ್ನೋದು ಫಿಲ್ಮ್ ತೋರಸ್ತದ. ಯಾಕ ಆಗ್ಯಾದ ಅನ್ನೋದು ತೋರಸಂಗಿಲ್ಲ."

ಬೈದಿದ್ದರೆ ಚೆನ್ನಾಗಿತ್ತು.

ಡಿಸೆಂಬರ್ 21, ಶನಿವಾರ

ಎರಡೂ ಫಿಲ್ಮುಗಳನ್ನು ಕಿಟಕಿಯ ಸರಳಿಗೆ ಅಕ್ಕಪಕ್ಕ ಸಿಗಿಸಿದ್ದೇನೆ. ಮೊದಲ ಸ್ಕ್ಯಾನ್ ಆದದ್ದು ಸೋಮವಾರ, ಒಂಬತ್ತಕ್ಕೆ. ನಾನು ನೀರು ಕಡಿಮೆ ಮಾಡಿದ್ದು ಶುಕ್ರವಾರ. ಮೊದಲ ಫಿಲ್ಮು ಅದಕ್ಕಿಂತ ಹಿಂದಿನದು. ಅದರಲ್ಲೇ ಮಬ್ಬು ಇದ್ದಿದ್ದರೆ ನನ್ನಿಂದಲ್ಲ. ಇಲ್ಲದಿದ್ದರೆ? ಇಲ್ಲದಿದ್ದರೂ ನನ್ನಿಂದಲೇ ಎಂದು ಹೇಳಲಾಗದಂತೆ. ಹೇಳಲಾಗದು ಎಂದರೆ ಅಲ್ಲ ಎಂದಲ್ಲ.

ಆಮೀನಾ ಸಿಸ್ಟರು ಫಿಲ್ಮುಗಳನ್ನು ಕಿತ್ತು ಲಕೋಟೆಗೆ ಹಾಕಿದರು. "ಬಿಸಲು ಬರವಲ್ದು ಅಕ್ಕಾ, ಕೂಸಿಗಿ ಬಿಸಲು ಬೇಕು."

ಡಿಸೆಂಬರ್ 24, ಮಂಗಳವಾರ

ಕಾಲುವೆ ಬಂದ್ ಆಯಿತು. ಇವರು ಬಂದರು. ಪ್ಯಾಂಟಿನ ಮೊಣಕಾಲಿನವರೆಗೆ ಕೆಸರು ಒಣಗಿ ಬಿಳಿಯಾಗಿತ್ತು. ಮಗಳ ಬಲಗೈಯನ್ನು ತಮ್ಮ ಅಂಗೈಯಲ್ಲಿ ಇಟ್ಟುಕೊಂಡು ಮೇಲೆತ್ತಿ ಬಿಟ್ಟರು. ಬಿತ್ತು. ಮತ್ತೆ ಎತ್ತಿ ಬಿಟ್ಟರು.

"ಸಾಕು ಬಿಡೋ, ಏನ್ ಗೇಟ್ ಮಾಡೀಯೇನು ನಮ್ಮವ್ವನ ಕೈ" ಎಂದು ಅತ್ತೆ ಗದರಿದರು.

ಇವರು ಆಮೇಲೆ ನನ್ನನ್ನು ವರಾಂಡಕ್ಕೆ ಕರೆದರು. ಮುಖ ನೋಡಲಿಲ್ಲ. "ಇದು ನಾ ಹೇಳಿದ್ದಕ್ಕ ಆತೇನು?"

ನಾನು ಒಂದು ವಾರದಿಂದ ಇದೇ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳುತ್ತಿದ್ದೆ. ಅವರಿಗೂ ಅದೇ ಪ್ರಶ್ನೆ ಇರಬಹುದೆಂದು ಒಮ್ಮೆಯೂ ಅನ್ನಿಸಿರಲಿಲ್ಲ.

"ಇಲ್ರಿ."

"ಫಿಲ್ಮ್ ತಂದು ತೋರಸಿ ಹೇಳು. ನೀ ಓದಿದಾಕಿ."

ತಂದೆ. ಹಳೆಯದನ್ನು ಬೆಳಕಿಗೆ ಹಿಡಿದು, ಬಾವಲಿಯ ಪಕ್ಕ ಬೆರಳಿಟ್ಟು, "ಮದಲಿನದರಾಗೂ ಇತ್ತು ನೋಡ್ರಿ, ಸಣ್ಣಗ. ಇದು ನಾವು ಬರೋಕಿಂತ ಮದಲೇ ಆಗಿದ್ದು" ಎಂದೆ. ಅಲ್ಲಿ ಏನೂ ಇರಲಿಲ್ಲ. ಅವರು ಕಣ್ಣು ಕಿರಿದು ಮಾಡಿ ನೋಡಿ, "ಹೌದಲಾ" ಎಂದರು. ಆಮೇಲೆ ಗೋಡೆಗೆ ಹಣೆ ಹಚ್ಚಿ ನಿಂತರು.

ಈಗ ನೋಡಿದರೆ ನನಗೂ ಅಲ್ಲಿ ಏನೋ ಇದ್ದಂತೆ ಕಾಣುತ್ತಿದೆ. ಇತ್ತೋ, ಹೇಳಿದ ಮೇಲೆ ಬಂತೋ.

ಜನವರಿ 6, 2014, ಸೋಮವಾರ

ಮೂಗಿನ ನಳಿಗೆ ತೆಗೆದರು. ಬಾಯಿಂದ ಗಂಜಿ ನುಂಗಿದಳು. ಅರ್ಧ ನನ್ನ ಸೀರೆಗೆ. ಕಣ್ಣು ಮೊದಲಿನಷ್ಟು ತಿರುಗಿಲ್ಲ. ಅತ್ತೆ ಕೋಳಿಯ ಹಾಗೆ ಕೂಗಿದಾಗ ಆ ಕಡೆ ನೋಡಿದಳು. ನಗಲಿಲ್ಲ.

ತಲೆಯ ಆಪರೇಷನ್ ಸದ್ಯಕ್ಕೆ ಬೇಡವಂತೆ. ಸದ್ಯಕ್ಕೆ ಎಂದರೆ ಎಷ್ಟು?

ಜನವರಿ 14, ಮಂಗಳವಾರ. ವನದುರ್ಗ

ಮನೆಗೆ ಬಂದೆವು. ಗುಳಿಗೆ ಒಂದು ವರ್ಷ ನುಂಗಿಸಬೇಕು, ಒಂದು ದಿನವೂ ತಪ್ಪಿಸಬಾರದು. ಬೆಳಿಗ್ಗೆ ಗುಳಿಗೆ ಅರೆದ ಮೇಲೆ ಅತ್ತೆ ಅವಳ ಮೂಗು ಹಿಡಿಯುತ್ತಾರೆ, ನಾನು ಬಾಯಿಗೆ ಹಾಕುತ್ತೇನೆ. ಉಗುಳಿದರೆ ಮತ್ತೆ.

ಅವಳು ಮಾತಾಡುತ್ತಿಲ್ಲ. ಮೊದಲು ಎಷ್ಟು ಮಾತಾಡುತ್ತಿದ್ದಳು ಎಂದರೆ ನಾನು ಬಾಯಿ ಮುಚ್ಚು ಎನ್ನುತ್ತಿದ್ದೆ. ಓಣಿಯವರು ಬಂದು ನೋಡುತ್ತಾರೆ. "ಮೂಕಿ ಆದಳೇನ್ರಿ?" ಎಂದಳು ಒಬ್ಬಳು. ಅತ್ತೆ, "ನಿನ್ನಂಥಾಕಿ ಜೋಡಿ ಏನ್ ಮಾತಾಡೋದು ಅಂತ ಸುಮ್ಮಕ ಅದಾಳ" ಎಂದರು.

ಕಿವಿ ಕೇಳುತ್ತದೆ. ಬಟ್ಟಲು ಬಿದ್ದರೆ ಬೆಚ್ಚುತ್ತಾಳೆ. ದಿನಕ್ಕೆ ಹತ್ತು ಸಲ ಬಟ್ಟಲು ಬೀಳಿಸುತ್ತಿದ್ದೆ, ಅತ್ತೆ ಬೈದ ಮೇಲೆ ಬಿಟ್ಟೆ.

ಫೆಬ್ರವರಿ 16, ಭಾನುವಾರ

ಕೂತಳು. ಗೋಡೆಗೆ ಆನಿಸಿದರೆ ಸ್ವಲ್ಪ ಹೊತ್ತು ಕೂರುತ್ತಾಳೆ, ಆಮೇಲೆ ಬಲಕ್ಕೆ ವಾಲುತ್ತಾಳೆ. ಇವರು ಆ ಕಡೆ ಗೋಧಿ ಚೀಲ ಇಟ್ಟಿದ್ದಾರೆ. ದಿನಾ ಸಂಜೆ ಬಲಗೈಗೆ ಎಣ್ಣೆ ಹಚ್ಚಿ, ಬೆರಳು ಒಂದೊಂದಾಗಿ ಬಿಚ್ಚಿ ಮಡಚಿಸುತ್ತೇನೆ. ಏನನ್ನು ಕೊಟ್ಟರೂ ಎಡಗೈಯಲ್ಲೇ ತೆಗೆದುಕೊಳ್ಳುತ್ತಾಳೆ. ಬಲಗೈಗೆ ಕೊಟ್ಟರೆ ಕೆಳಗೆ ಬೀಳುತ್ತದೆ, ಬಿದ್ದದ್ದನ್ನು ನೋಡುವುದೂ ಇಲ್ಲ.

ಮುಂದಿನ ತಿಂಗಳು ಮತ್ತೆ ಸ್ಕ್ಯಾನ್. ಅದರಲ್ಲಿ ತಿಳಿಯುತ್ತದೆ. ನೀರು ಇಳಿದಿದೆಯೋ, ಮಬ್ಬು ಅಲ್ಲೇ ಇದೆಯೋ, ಇವಳು ಮಾತಾಡುವಳೋ ಇಲ್ಲವೋ. ಆ ಫಿಲ್ಮೊಂದು ಕೈಗೆ ಬಂದರೆ ಸಾಕು, ನಾನು ನಿದ್ದೆ ಮಾಡುತ್ತೇನೆ. ಅಲ್ಲಿಯವರೆಗೆ ಅವಳ ಉಸಿರು ಕೇಳುತ್ತ ಇರುವುದೇ ಆಗಿದೆ.

ಮಾರ್ಚ್ 11, ಮಂಗಳವಾರ

ಸ್ಕ್ಯಾನ್ ಆಗಲಿಲ್ಲ.

ಆಗಬೇಕಿತ್ತು. ಹಿಂದಿನ ಎರಡು ಸಲ ಅವಳಿಗೆ ಎಚ್ಚರವೇ ಇರಲಿಲ್ಲ. ಈಗ ಅಲುಗಾಡುತ್ತಾಳೆ, ಅದಕ್ಕೆ ನಿದ್ದೆಯ ಔಷಧ ಕೊಟ್ಟು ತೆಗೆಯುತ್ತಾರಂತೆ. ಹಾಗಾಗಿ ಬೆಳಗಿನಿಂದ ಊಟವಿಲ್ಲ, ನೀರಿಲ್ಲ. ಬಾಗಿಲ ಮೇಲೆ ಬೋರ್ಡು ಹಾಕಿದ್ದರು, ಸ್ಕ್ಯಾನ್ ಕೋಣೆಯ ಹುಡುಗ ಬಾಯಲ್ಲೂ ಹೇಳಿದ. ಯಾದಗಿರಿಯ ಬಿಸಿಲು ಈಗಲೇ ಮುಖಕ್ಕೆ ಹೊಡೆಯುತ್ತದೆ. ನಮಗಿಂತ ಮುಂದೆ ಬಹಳ ಜನ ಇದ್ದರು. ಭೀಮಿ ಅತ್ತೆಯ ತೊಡೆಯ ಮೇಲೆ ತುಟಿ ಒಣಗಿಸಿಕೊಂಡು ಕುಳಿತಿದ್ದಳು. ನಾನು ಆ ಕಡೆ ನೋಡದೆ ಬೋರ್ಡನ್ನೇ ನೋಡುತ್ತಿದ್ದೆ.

ಎದುರು ಬೆಂಚಿನಲ್ಲಿ ಒಬ್ಬ ಮುದುಕ ಬಾಟಲಿ ಎತ್ತಿ ಗಟಗಟ ಕುಡಿದ. ಗಡ್ಡದಿಂದ ನೀರು ಸುರಿಯಿತು.

"ನಂಗ?"

ಯಾರು ಅಂದರು ಎಂದು ಸುತ್ತ ನೋಡಿದೆ. ಅತ್ತೆಯೂ ನೋಡಿದರು.

"ನಂಗ?" ಎಂದಳು ಮತ್ತೆ, ಈ ಸಲ ಸಿಟ್ಟಿನಿಂದ, ಮುದುಕನಿಗೆ.

ನಾನು ಎದ್ದು ಹೋಗಿ ಬಾಟಲಿ ಕೇಳಿದೆ. ಮುದುಕ "ಎಂಜಲದವ್ವ" ಎಂದ. ಇರಲಿ ಎಂದೆ. ಅತ್ತೆ "ಏ ಮೋನಮ್ಮ, ಸ್ಕ್ಯಾನಿಂಗ್..." ಎಂದು ನನ್ನನ್ನು ಕೂಗಿದವರು ಅಷ್ಟಕ್ಕೇ ನಿಲ್ಲಿಸಿದರು. ಭೀಮಿ ಕುಡಿದಳು. ಉಸಿರು ತೆಗೆದುಕೊಳ್ಳಲು ಬಾಟಲಿ ತಪ್ಪಿಸಿದರೆ ಅತ್ತಳು. ಖಾಲಿಯಾಗುವವರೆಗೆ ಕುಡಿದಳು.

ಹುಡುಗ ಹೆಸರು ಕೂಗುತ್ತ ಹೊರಗೆ ಬಂದವನು ಅವಳ ಒದ್ದೆ ಅಂಗಿ ನೋಡಿ ನಿಂತ.

"ಯಾರ್ರಿ ನೀರು ಕೊಟ್ಟೋರು?"

"ನಾನು."

"ಬೋರ್ಡ್ ಓದಾಕ ಬರಂಗಿಲ್ಲೇನ್ರಿ ನಿಮಗ?"

"ಬಿ.ಎ. ಆಗ್ಯಾದಪಾ ಆಕಿಗಿ" ಎಂದು ಅತ್ತೆ ನಕ್ಕುಬಿಟ್ಟರು. ಮುದುಕನೂ ನಕ್ಕ. ಹುಡುಗ ನಗಲಿಲ್ಲ. ಇಂದು ಆಗುವುದಿಲ್ಲ, ಬರುವ ಮಂಗಳವಾರ ಬನ್ನಿ ಎಂದು ಬಾಗಿಲು ಹಾಕಿಕೊಂಡ. ಡಾಕ್ಟರಿಗೆ ಹೇಳಿದಾಗ ಅವರು ಅವಳನ್ನೇ ಎದುರು ಕೂರಿಸಿಕೊಂಡು ಪೆನ್ನು ತೋರಿಸಿದರು. "ನಂಗ?" ಎಂದಳು. ಪೆನ್ನು ಅವಳ ಪಾಲಾಯಿತು.

ಬರುವ ಮಂಗಳವಾರ ಇವರಿಗೆ ಕಾಲುವೆ ಬಂದ್ ಇರುತ್ತದೋ ಚಾಲು ಇರುತ್ತದೋ ಕೇಳಬೇಕು.

ಬಸ್ಸಿನಲ್ಲಿ ಕಂಡದ್ದೆಲ್ಲ ನಂಗ. ಮುಂದಿನ ಸೀಟಿನವಳ ಪೇರಲಹಣ್ಣು ನಂಗ, ಅವಳ ಮುಡಿಯ ಹೂವು ನಂಗ. ಕಂಡಕ್ಟರು ಟಿಕೆಟು ಹರಿದಾಗಲೂ ಕೈ ಚಾಚಿದಳು. "ನಿನಗಿನ್ನಾ ಟಿಕೇಟ್ ಇಲ್ಲವ್ವ, ಪುಕ್ಕಟ" ಎಂದ ಆತ. "ಕೊಡಪಾ, ನಮ್ಮವ್ವ ಕೇಳಾಕತ್ತಾಳ" ಎಂದರು ಅತ್ತೆ. ಮಷೀನಿನಿಂದ ಒಂದು ಖಾಲಿ ಚೂರು ಹರಿದು ಕೊಟ್ಟ.

ಶಹಾಪುರ ಬಂದಾಗ ಅತ್ತೆ ನನ್ನ ಭುಜ ಅಲುಗಿಸಿದರು. ಭೀಮಿ ಬಾಯಿ ತೆರೆದು ಮಲಗಿದ್ದಳು. ಕಾಗದದ ಚೂರು ಬಲಗೈಯ ಮುಷ್ಟಿಯಲ್ಲಿತ್ತು. ಆ ಕೈಗೆ ಯಾವಾಗ ಬಂತೋ, ತಾನೇ ಹಿಡಿದಳೋ, ಅತ್ತೆ ಹಿಡಿಸಿದರೋ. ನಾನು ನೋಡಲಿಲ್ಲ, ನಿದ್ದೆ ಹೋಗಿದ್ದೆ.